ಹಳಿ ಮೇಲೆ ಹುಲ್ಲು ಹುಟ್ಟಿದ ಮೇಲೆ

ನ್ಯೂಯಾರ್ಕಿನ ಹತ್ತನೇ ಅವೆನ್ಯೂವನ್ನು ಜನ ಒಂದು ಕಾಲದಲ್ಲಿ ‘ಸಾವಿನ ಬೀದಿ’ ಎಂದೇ ಕರೆಯುತ್ತಿದ್ದರು. ಗೂಡ್ಸ್ ರೈಲುಗಳು ನಡುರಸ್ತೆಯಲ್ಲೇ ಓಡುತ್ತಿದ್ದವು. ಕುದುರೆ ಸವಾರರು ಬಾವುಟ ಬೀಸುತ್ತ ಎಂಜಿನ್ನಿನ ಮುಂದೆ ಹೋಗಿ ಎಚ್ಚರಿಸುತ್ತಿದ್ದರೂ ಅಪಘಾತ ತಪ್ಪುತ್ತಿರಲಿಲ್ಲ. ಕೊನೆಗೆ ಹಳಿಗಳನ್ನೇ ಸುಮಾರು 30 ಅಡಿ ಮೇಲಕ್ಕೆತ್ತಿದರು. 1934ರಲ್ಲಿ ಶುರುವಾದ ಆ ಉಕ್ಕಿನ ಮೇಲ್ಸೇತುವೆಯೇ ಹೈಲೈನ್. ಮಾಂಸ, ಹಾಲು ಹೊತ್ತ ಬೋಗಿಗಳು ಕಾರ್ಖಾನೆಗಳ ಮೇಲಂತಸ್ತಿಗೇ ನುಗ್ಗಿ ಸರಕು ಇಳಿಸುತ್ತಿದ್ದವು.

ಲಾರಿಗಳ ಕಾಲ ಬಂತು. 1960ರ ದಶಕದಲ್ಲಿ ದಕ್ಷಿಣದ ತುದಿಯನ್ನು ಕೆಡವಿದರು, 1980ರ ದಶಕದಲ್ಲಿ ಉಳಿದದ್ದರ ಮೇಲೂ ರೈಲು ನಿಂತುಹೋಯಿತು. ಜಲ್ಲಿಯ ಸಂದಿಯಲ್ಲಿ ಗಾಳಿ, ಹಕ್ಕಿ ತಂದ ಬೀಜಗಳು ಮೊಳೆತವು. ಕೆಳಗೆ ಓಡಾಡುವವರ ಕಣ್ಣಿಗೆ ಬೀಳುತ್ತಿದ್ದುದು ತುಕ್ಕು ಮಾತ್ರ. ಅಡಿಯ ಜಾಗದ ಮಾಲೀಕರಂತೂ ಕೆಡವಿ ಎಂದೇ ಪಟ್ಟು ಹಿಡಿದಿದ್ದರು.

1999ರಲ್ಲಿ ಬಡಾವಣೆಯ ಸಭೆಯೊಂದರಲ್ಲಿ ಅಕ್ಕಪಕ್ಕ ಕೂತ ಇಬ್ಬರು ಅಪರಿಚಿತರು, ಜೋಶುವಾ ಡೇವಿಡ್ ಮತ್ತು ರಾಬರ್ಟ್ ಹ್ಯಾಮಂಡ್, ಸೇತುವೆ ಉಳಿಸಲು ಸಂಘ ಕಟ್ಟಿದರು. ಹಳೆಯ ರೈಲು ಸೇತುವೆಯ ಮೇಲೆ ಉದ್ಯಾನ ಮಾಡಿ ತೋರಿಸಿದ್ದ ಪ್ಯಾರಿಸ್ ಅವರ ಮುಂದಿತ್ತು. ಆದರೆ 2001ರ ಕೊನೆಯಲ್ಲಿ, ಅಧಿಕಾರ ಬಿಡುವ ಮುನ್ನ, ಮೇಯರ್ ಜೂಲಿಯಾನಿ ಕೆಡವುವುದಕ್ಕೇ ಒಪ್ಪಿಗೆ ಕೊಟ್ಟರು. ಆ ಹೊತ್ತಿನಲ್ಲಿ ಜನರ ಮನಸ್ಸು ತಿರುಗಿಸಿದ್ದು ಜೋಯಲ್ ಸ್ಟರ್ನ್‌ಫೆಲ್ಡ್ ತೆಗೆದ ಛಾಯಾಚಿತ್ರಗಳು ಎಂದೇ ನನ್ನ ನಂಬಿಕೆ. ಎತ್ತರದ ಕಟ್ಟಡಗಳ ನಡುವೆ ಹಳಿಯುದ್ದಕ್ಕೂ ಹಬ್ಬಿದ ಹುಲ್ಲುಗಾವಲನ್ನು ಊರು ಮೊದಲ ಬಾರಿ ಕಂಡಿತು.

ಚಂದದ ಚಿತ್ರದಿಂದ ಸೇತುವೆ ನಿಲ್ಲುವುದಿಲ್ಲ, ಕಾನೂನು ಬೇಕು. ಬಿಟ್ಟ ರೈಲುಮಾರ್ಗವನ್ನು ಮುಂದೆಂದಾದರೂ ಬೇಕಾದೀತೆಂದು ಕಾಯ್ದಿಟ್ಟು, ಅಲ್ಲಿಯವರೆಗೆ ಕಾಲುದಾರಿ ಮಾಡಲು 1983ರ ಕಾಯ್ದೆ ಅವಕಾಶ ಕೊಟ್ಟಿತ್ತು. ಮಾಲೀಕರ ವಿರೋಧ ಕರಗಿಸಿದ್ದು ಮಾತ್ರ ದುಡ್ಡು. ಸೇತುವೆಯಡಿಯ ಜಾಗದಲ್ಲಿ ಕಟ್ಟಲಾಗದ ಅಂತಸ್ತುಗಳ ಹಕ್ಕನ್ನು ಹತ್ತಿರದ ಬೇರೆ ನಿವೇಶನದವರಿಗೆ ಮಾರಲು 2005ರಲ್ಲಿ ನಗರಾಡಳಿತ ಒಪ್ಪಿತು. ಆಗಿನ ಮೇಯರ್ ಬ್ಲೂಮ್‌ಬರ್ಗ್. ಕೆಡವಿ ಎಂದವರಿಗೂ ಸೇತುವೆ ಉಳಿದರೆ ಲಾಭ ಎಂದಾಯಿತು.

2009ರಲ್ಲಿ ಮೊದಲ ಭಾಗ ತೆರೆಯಿತು. ಈಗ ಉದ್ದ ಸುಮಾರು 2.3 ಕಿಲೋಮೀಟರ್. ಕಿತ್ತ ಹಳಿಗಳಿಗೆ ಗುರುತು ಹಾಕಿಟ್ಟು, ಅನೇಕವನ್ನು ಅವುಗಳ ಜಾಗಕ್ಕೇ ತಂದು ಕೂರಿಸಿದರು. ನೆಲಕ್ಕೆ ಹಾಸಿದ ಕಾಂಕ್ರೀಟ್ ಹಲಗೆಗಳ ತುದಿ ಬಾಚಣಿಗೆಯ ಹಲ್ಲಿನಂತೆ ಬಿಡಿಬಿಡಿಯಾಗಿ ಚೂಪಾಗುತ್ತದೆ. ಆ ಸಂದಿಗಳಿಂದ ಹುಲ್ಲು ಏಳುತ್ತದೆ, ಹಾದಿ ಎಲ್ಲಿ ಮುಗಿದು ಪಾತಿ ಎಲ್ಲಿ ಶುರುವಾಯಿತೆಂದು ಹೇಳುವುದು ಕಷ್ಟ. ಗಿಡಗಳನ್ನು ಆರಿಸಿದ ನೆದರ್‌ಲೆಂಡ್ಸಿನ ಪೀಟ್ ಔಡಾಲ್ಫ್ ಒಣಗಿದ ತೆನೆಗಳಲ್ಲೂ ಸೊಗಸು ಕಂಡವರು. ಚಳಿಗಾಲವಿಡೀ ಒಣಹುಲ್ಲು ಹಾಗೇ ನಿಂತಿರುತ್ತದೆ, ವಸಂತದ ಹೊಸ್ತಿಲಲ್ಲಿ ಸ್ವಯಂಸೇವಕರು ಕತ್ತರಿ ಹಿಡಿದು ಸವರುತ್ತಾರೆ.

ಉದ್ಯಾನ ಬಂದದ್ದೇ ತಡ, ಅಕ್ಕಪಕ್ಕ ದುಬಾರಿ ಫ್ಲಾಟುಗಳು ಎದ್ದವು, ನೆಲದ ಬೆಲೆ ಏರಿತು. ಪಕ್ಕದಲ್ಲೇ ಸರ್ಕಾರಿ ವಸತಿಗೃಹಗಳಲ್ಲಿದ್ದ ಜನರಿಗೆ ಅದು ತಮ್ಮದೆನಿಸಲಿಲ್ಲ. ವಿನ್ಯಾಸ ಹೇಗಿರಬೇಕೆಂದು ಕೇಳುವ ಬದಲು, ನಿಮಗೆ ಏನು ಬೇಕೆಂದು ಕೇಳಬೇಕಿತ್ತು ಎಂದು ಹ್ಯಾಮಂಡ್ ಅವರೇ ಮುಂದೆ ಒಪ್ಪಿಕೊಂಡರು. ಇಂಥ ಯೋಜನೆ ಕೈಗೆತ್ತಿಕೊಳ್ಳುವ ಯಾವ ನಗರವೂ ಈ ಮಾತನ್ನು ದಾಟಿ ಹೋಗಬಾರದು. ವಾಷಿಂಗ್ಟನ್ ದಾಟಲಿಲ್ಲ. ಅಲ್ಲಿನ ಅನಕೋಸ್ಟಿಯಾ ನದಿಯ ಹಳೇ ಸೇತುವೆಯ ಕಂಬಗಳ ಮೇಲೆ ಉದ್ಯಾನ ಕಟ್ಟಹೊರಟವರು, ಕೆಲಸ ಶುರುವಾಗುವುದಕ್ಕೆ ವರ್ಷಗಳ ಮೊದಲೇ ಸುತ್ತಲಿನವರ ವಸತಿ, ಉದ್ಯೋಗ, ಸಣ್ಣ ವ್ಯಾಪಾರ ಉಳಿಸುವ ಯೋಜನೆ ಸಿದ್ಧಪಡಿಸಿದರು.