ಜಾಲಪುಟವನ್ನು ನಡುವಿಗೆ ತರುವ ಬಗೆ

ಅಚ್ಚಾದ ಪುಸ್ತಕವನ್ನು ಬಿಚ್ಚಿ ನೋಡಿದರೆ ಅಕ್ಷರಗಳ ಸಮೂಹವು ಕಾಗದದ ನಡುವೆ ನಿಂತಿದ್ದು, ನಾಲ್ಕು ಕಡೆಗಳಲ್ಲಿಯೂ ತಕ್ಕಷ್ಟು ಬಿಳಿಯ ಸ್ಥಳವು ಉಳಿದಿರುವದನ್ನು ಎಲ್ಲರೂ ಕಂಡಿರುವರು. ಅಂಥದೇ ಪುಟವನ್ನು ಡಿ.ಟಿ.ಪಿ. ತಂತ್ರಾಂಶದಲ್ಲಿ, ಎಂದರೆ ಗಣಕಯಂತ್ರದ ಮೇಲೆಯೇ ಪುಟ ಕಟ್ಟುವ ಸಾಧನದಲ್ಲಿ, ಸಿದ್ಧಪಡಿಸಿ ಅಂತರ್ಜಾಲದಲ್ಲಿರಿಸಿದರೆ, ಅದು ಅನೇಕ ಸಲ ಪರದೆಯ ಎಡಗಡೆಗೆ ಅಂಟಿಕೊಂಡು, ಬಲಗಡೆಯಲ್ಲಿ ಬರಿಯ ಬಯಲನ್ನು ಬಿಟ್ಟು ನಿಲ್ಲುವದು. ಇದು ಯಾತಕ್ಕೆ ಹೀಗಾಗುವದು, ಸರಿಪಡಿಸುವ ಬಗೆ ಯಾವದು, ಸರಿಪಡಿಸುವಾಗ ಯಾವ ಕೇಡನ್ನು ತಪ್ಪಿಸಬೇಕು ಎಂಬದನ್ನು ಹಳೇ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ತಿಳಿಯುವಂತೆ ವಿವರಿಸುವದೇ ಈ ಲೇಖನದ ಉದ್ದೇಶವಾಗಿರುವದು.

ಇದು ಕೇವಲ ಅಂದಚಂದದ ಮಾತೆಂದು ವಾಚಕರು ತಿಳಿಯಬಾರದು. ಈಗ ಶಾಲೆಯ ಪ್ರವೇಶದ ಪ್ರಕಟಣೆ, ವಸತಿಗೃಹದ ನಿಯಮಗಳು, ಶುಲ್ಕ ಕಟ್ಟುವ ಕಡೆಯ ದಿನ, ಹಳೇ ವಿದ್ಯಾರ್ಥಿನಿಯರ ಸಮ್ಮೇಳನದ ಆಮಂತ್ರಣ ಮೊದಲಾದವು ಜಾಲಪುಟಗಳ ಮೂಲಕ ಊರೂರಿಗೆ ತಲಪುತ್ತವೆ. ಅವುಗಳನ್ನು ಸಿದ್ಧಪಡಿಸುವವರು ಹೆಚ್ಚಾಗಿ ದೊಡ್ಡ ಪರದೆಯ ಮುಂದೆ ಕುಳಿತಿರುವರು. ಓದುವವರಾದರೋ ಕಲಬುರಗಿಯಿಂದ ಹುಮನಾಬಾದದ ಕಡೆಗೆ ಹೋಗುವ ಹೆದ್ದಾರಿಯ ಮಹಾಗಾಂವ ಕ್ರಾಸಿನಲ್ಲಿ ಬಸ್ಸಿನ ದಾರಿ ಕಾಯುತ್ತ, ಅಂಗೈಯಗಲದ ಮೊಬೈಲಿನಲ್ಲಿ ನೋಡುವವರಾಗಿರಬಹುದು. ಪುಟದ ನೆಲೆಯು ತಪ್ಪಿ ಕಡೆಯ ದಿನದ ಅಂಕಿಯು ಪರದೆಯ ಹೊರಗೆ ಉಳಿದರೆ, ಒಬ್ಬ ಹುಡುಗಿಯ ಒಂದು ವರುಷದ ಓದಿಗೇ ಅಡ್ಡಿ ಬರಬಹುದು. ಆದಕಾರಣ ಈ ಚಿಕ್ಕ ವಿಷಯವನ್ನು ತುಸು ವಿಸ್ತಾರವಾಗಿ ವಿಚಾರಿಸುವದು ತಕ್ಕದ್ದಾಗಿದೆ.

ಮೊದಲು ಕಾಗದದ ಮೇಲೆ ಈ ಕೆಲಸವು ಹೇಗೆ ನಡೆಯುತ್ತಿತ್ತೆಂಬದನ್ನು ನೋಡೋಣ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರ ಛಾಪಖಾನೆಯು 1841ರಲ್ಲಿ ಆರಂಭವಾಯಿತು. ಹೆರ್ಮನ್ ಮೋಗ್ಲಿಂಗರು 1843ನೆಯ ಜುಲೈ 1ರಂದು ಹೊರಡಿಸಿದ ‘ಮಂಗಳೂರ ಸಮಾಚಾರ’ವು ಅಲ್ಲಿ ಕಲ್ಲಚ್ಚಿನಲ್ಲಿ ಮುದ್ರಿತವಾಯಿತು. ಕಲ್ಲಚ್ಚಿನಲ್ಲಿ ಪುಟವನ್ನೆಲ್ಲ ಕೈಯಿಂದ ಬರೆಯತಕ್ಕದ್ದಿರುವದರಿಂದ ಸುತ್ತಲಿನ ಅಂಚನ್ನು ಬರೆಯುವವನ ಕಣ್ಣೇ ಅಳೆಯಬೇಕಾಗಿತ್ತು. ಸೀಸದ ಮೊಳೆಗಳು ಬಂದ ಮೇಲೆ ಈ ಕೆಲಸವು ಲೆಕ್ಕಕ್ಕೆ ಒಳಪಟ್ಟಿತು. ಮೊಳೆ ಜೋಡಿಸುವವನು ಸಾಲಿನ ಅಗಲವನ್ನು ಮೊದಲೇ ನಿಶ್ಚಯಿಸಿಕೊಂಡು, ತಲೆಬರಹದ ಮೊಳೆಗಳನ್ನು ಕೈಯ ಪಟ್ಟಿಯಲ್ಲಿ ನಿಲ್ಲಿಸಿ, ಉಳಿದ ಸ್ಥಳವನ್ನು ಎರಡು ಪಾಲು ಮಾಡಿ, ಎಡಕ್ಕೂ ಬಲಕ್ಕೂ ಸರಿಸಮನಾದ ಖಾಲಿ ತುಂಡುಗಳನ್ನು ತುಂಬುತ್ತಿದ್ದನು. ಈ ತುಂಡುಗಳು ಮೊಳೆಗಳಿಗಿಂತ ಗಿಡ್ಡಾಗಿದ್ದದರಿಂದ ಮಸಿಯನ್ನು ಹಿಡಿಯದೆ ಕಾಗದದ ಮೇಲೆ ಬರಿಯ ಬಿಳುಪಾಗಿ ಕಾಣುತ್ತಿದ್ದವು. ಅಂತೂ ‘ನಡು’ ಎಂಬದು ಉಳಿದ ಸ್ಥಳದ ಎರಡು ಸಮಪಾಲುಗಳಿಂದ ಹುಟ್ಟುವದೆಂಬ ಸೂತ್ರವು ಅಂದಿನಿಂದ ಇಂದಿನ ವರೆಗೂ ಬದಲಾಗಲಿಲ್ಲ.

ಆದರೆ ಆ ಮೊಳೆಗಾರನಿಗೆ ಇದ್ದ ಒಂದು ಅನುಕೂಲತೆಯು ಜಾಲಪುಟ ಮಾಡುವವನಿಗೆ ಇಲ್ಲ. ಕಾಗದದ ಅಗಲವು ಮುದ್ರಿಸುವವನ ಕೈಯಲ್ಲಿತ್ತು. ಪರದೆಯ ಅಗಲವು ಓದುವವನ ಕೈಯಲ್ಲಿದೆ. ನಮ್ಮ ಮನೆಯ ಗೋಡೆಗೆ ಪಟ ತೂಗುಹಾಕಬೇಕಾದರೆ ಗೋಡೆಯನ್ನು ಅಳೆದು ಮೊಳೆ ಹೊಡೆಯಬಹುದು. ಪಟವನ್ನು ಬೀಗರ ಮನೆಗೆ ಕಳಿಸಿ, “ಎಡಗಡೆಯ ಮೂಲೆಯಿಂದ ಎರಡು ಮೊಳ ಬಿಟ್ಟು ತೂಗುಹಾಕಿರಿ” ಎಂದು ಬರೆದರೆ, ಅವರ ಗೋಡೆಯು ಚಿಕ್ಕದಾಗಿದ್ದಲ್ಲಿ ಪಟವು ಬಾಗಿಲಿಗೆ ಅಡ್ಡವಾಗಬಹುದು. “ಎರಡೂ ಕಡೆಗೆ ಸಮನಾಗಿ ಬಿಟ್ಟು ತೂಗುಹಾಕಿರಿ” ಎಂದು ಬರೆದರೆ ಮಾತ್ರ ಅದು ಯಾವ ಮನೆಯಲ್ಲಿಯೂ ನಡುವೆಯೇ ನಿಲ್ಲುವದು. ಜಾಲಪುಟಕ್ಕೂ ಇದೇ ನ್ಯಾಯವು ಸಲ್ಲುತ್ತದೆ. ಅಳತೆಯನ್ನು ಕಳಿಸಿದರೆ ಕೆಡುವದು; ನಿಯಮವನ್ನು ಕಳಿಸಿದರೆ ನಿಲ್ಲುವದು.

ಡಿ.ಟಿ.ಪಿ. ತಂತ್ರಾಂಶಗಳು ಹುಟ್ಟಿದ್ದು ಕಾಗದಕ್ಕೋಸ್ಕರವೇ. ಆಲ್ಡಸ್ ಕಂಪನಿಯ ಪೇಜ್‌ಮೇಕರ್ 1985ರಲ್ಲಿಯೂ, ಮೈಕ್ರೋಸಾಫ್ಟ್ ಕಂಪನಿಯ ಪಬ್ಲಿಶರ್ 1991ರಲ್ಲಿಯೂ ಹೊರಬಂದವು. ಮುಂದೆ ಪಬ್ಲಿಶರಿನಲ್ಲಿ ಕಟ್ಟಿದ ಪುಟವನ್ನು ಜಾಲಪುಟವಾಗಿ ಉಳಿಸುವ ಸೌಕರ್ಯವೂ ಸೇರಿತು. ಲಗ್ನಪತ್ರಿಕೆ, ಕರಪತ್ರಗಳನ್ನು ಮಾಡಿ ಕೈ ಪಳಗಿದವರು ಅದರಲ್ಲಿಯೇ ಜಾಲಪುಟಗಳನ್ನೂ ಮಾಡಿದರು. ಆದರೆ ಈ ತಂತ್ರಾಂಶವು ಜಾಲಪುಟವನ್ನು ಬರೆಯುವ ರೀತಿಯು ಕಾಗದದ ರೀತಿಯೇ ಆಗಿರುವದು. ತಲೆಬರಹದ ಪೆಟ್ಟಿಗೆ, ಚಿತ್ರದ ಪೆಟ್ಟಿಗೆ, ಬರಹದ ಪೆಟ್ಟಿಗೆ ಹೀಗೆ ಒಂದೊಂದಕ್ಕೂ “ಎಡ ಅಂಚಿನಿಂದ ಇಷ್ಟು, ಮೇಲಿನ ಅಂಚಿನಿಂದ ಇಷ್ಟು” ಎಂದು ಕಟ್ಟುನಿಟ್ಟಾದ ಸ್ಥಾನವನ್ನು ಅದು ಗೊತ್ತುಮಾಡುತ್ತದೆ. ಎಲ್ಲ ಅಳತೆಗಳೂ ಎಡದಿಂದಲೇ ಹೊರಟಿರುವದರಿಂದ ಪುಟವು ಎಡಕ್ಕೆ ಅಂಟಿಕೊಳ್ಳುವದರಲ್ಲಿ ಆಶ್ಚರ್ಯವಿಲ್ಲ.

ಎಡಗಡೆಯೇ ಏಕೆಂದು ಯಾರಾದರೂ ಕೇಳಬಹುದು. ಬ್ರೌಸರು ಬರಹವನ್ನು ಲಿಪಿಯು ಆರಂಭವಾಗುವ ಕಡೆಯಿಂದಲೇ ಜೋಡಿಸುತ್ತದೆ. ಕನ್ನಡವೂ ಇಂಗ್ಲಿಷೂ ಎಡದಿಂದ ಆರಂಭವಾಗುತ್ತವೆ. ನಮ್ಮ ಕಲಬುರಗಿಯ ಜನರಿಗೆ ಬಲದಿಂದ ಆರಂಭವಾಗುವ ಲಿಪಿಯೂ ಹೊಸದಲ್ಲ. 1948ರ ವರೆಗೆ ಈ ಪ್ರಾಂತವು ನಿಜಾಮರ ಆಳಿಕೆಯಲ್ಲಿದ್ದು ಸರಕಾರದ ಕಾಗದಪತ್ರಗಳು ಉರ್ದುವಿನಲ್ಲಿಯೇ ನಡೆಯುತ್ತಿದ್ದವು. ಉರ್ದು ಪುಟದ ಬರಹವು ಬಲದಿಂದ ಎಡಕ್ಕೆ ಹರಿಯುವದೆಂದು ಬ್ರೌಸರಿಗೆ ತಿಳಿಯಹೇಳಿದರೆ ಅದರ ಸಾಲುಗಳು ಬಲ ಅಂಚಿನಿಂದಲೇ ಹೊರಡುವವು. ಎರಡೂ ಕಡೆಗೆ ಸಮಪಾಲು ಎಂಬ ನಿಯಮವಾದರೋ ಎರಡೂ ಲಿಪಿಗಳಿಗೆ ಒಂದೇ ಆಗಿರುವದು.

ಇನ್ನು ಲೆಕ್ಕವನ್ನು ನೋಡೋಣ. ಪರದೆಯ ಅಗಲವನ್ನು ಪಿಕ್ಸೆಲ್ ಎಂಬ ಸೂಕ್ಷ್ಮ ಚುಕ್ಕೆಗಳಿಂದ ಎಣಿಸುವ ರೂಢಿಯುಂಟು. 800 ಪಿಕ್ಸೆಲ್ ಅಗಲದ ಪರದೆಗಳು ಬಳಕೆಯಲ್ಲಿದ್ದಾಗ 760 ಪಿಕ್ಸೆಲ್ ಅಗಲದ ಪುಟವನ್ನಿಟ್ಟರೆ ಉಳಿಯುತ್ತಿದ್ದದ್ದು 40 ಮಾತ್ರ. ಪುಟವು ಎಡಕ್ಕೆ ಅಂಟಿಕೊಂಡಿದ್ದರೂ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಪರದೆಗಳು ಅಗಲವಾದ ಹಾಗೆ ದೋಷವು ಬೈಲಿಗೆ ಬಿತ್ತು. 1366 ಪಿಕ್ಸೆಲ್ಲಿನ ಪರದೆಯಲ್ಲಿ ಉಳಿಯುವದು 606; ನಡುವಿಗೆ ಬರಬೇಕಾದರೆ ಎಡಕ್ಕೆ 303, ಬಲಕ್ಕೆ 303 ಬಿಡಬೇಕು. 1920ರ ಪರದೆಯಲ್ಲಿ ಉಳಿಯುವದು 1160. ಒಂದೊಂದು ಕಡೆಗೆ 580. ಪ್ರತಿಯೊಂದು ಪರದೆಗೂ ಉತ್ತರವು ಬೇರೆಯಾಗಿರುವದರಿಂದ ಈ ಭಾಗಾಕಾರವನ್ನು ಓದುವವನ ಬ್ರೌಸರೇ ಆಗಿಂದಾಗ್ಗೆ ಮಾಡಬೇಕಲ್ಲದೆ ಪುಟ ಮಾಡುವವನು ಮುಂಚಿತವಾಗಿ ಮಾಡಿಡಲಾರನು.

ಇದನ್ನು ಅರಿಯದವರು ಮೂರು ತಪ್ಪು ಉಪಾಯಗಳನ್ನು ಮಾಡುವದುಂಟು. ಮೊದಲನೆಯದು, ತಂತ್ರಾಂಶದಲ್ಲಿಯೇ ಎಲ್ಲ ಪೆಟ್ಟಿಗೆಗಳನ್ನು ಬಲಕ್ಕೆ ಸರಿಸುವದು. ಇದರಿಂದ ಮಾಡಿದವನ ಪರದೆಯಲ್ಲಿ ಪುಟವು ನಡುವೆ ಕಂಡರೂ ಬೇರೆಯವರ ಪರದೆಯಲ್ಲಿ ಕಾಣದು.

ಎರಡನೆಯದು, ‘ಸೆಂಟರ್’ ಎಂಬ ಗುರುತನ್ನು ಹಾಕುವದು. ಇದನ್ನು ನೆಟ್‌ಸ್ಕೇಪ್ ಬ್ರೌಸರಿನವರು 1994ರಲ್ಲಿ ರೂಢಿಗೆ ತಂದರು. ಜಾಲಪುಟಗಳ ಭಾಷೆಯಾದ ಎಚ್‌.ಟಿ.ಎಂ.ಎಲ್‌.ನ 1997ರ ನಾಲ್ಕನೆಯ ಆವೃತ್ತಿಯಲ್ಲಿಯೇ ಅದನ್ನು ಬಿಡತಕ್ಕದ್ದೆಂದು ಸೂಚಿಸಲಾಯಿತು. ಕಟ್ಟುನಿಟ್ಟಾಗಿ ಸ್ಥಾನ ಗೊತ್ತಾದ ಪೆಟ್ಟಿಗೆಗಳು ಈ ಗುರುತಿಗೆ ಕದಲುವದಿಲ್ಲ; ಪೆಟ್ಟಿಗೆಯೊಳಗಿನ ಸಾಲುಗಳು ಮಾತ್ರ ನಡುವಿಗೆ ಬಂದಾವು. ಹಾಗಾದರೆ ಪರಿಚ್ಛೇದದ ಒಂದೊಂದು ಸಾಲೂ ಬೇರೆ ಬೇರೆ ಸ್ಥಳದಲ್ಲಿ ಆರಂಭವಾಗಿ ಕಣ್ಣಿಗೆ ಸಾಲು ಹಿಡಿಯುವದೇ ಕಷ್ಟವಾಗುವದು. ಸಾಲುಗಳನ್ನು ನಡುವಿಗೆ ತರುವದು ಲಗ್ನಪತ್ರಿಕೆಗೂ ತಲೆಬರಹಕ್ಕೂ ಒಪ್ಪುವದು. ಉದ್ದವಾದ ಗದ್ಯಕ್ಕೆ ಒಪ್ಪದು. ಪುಟವನ್ನು ನಡುವಿಗೆ ತರುವದು ಬೇರೆ, ಸಾಲನ್ನು ನಡುವಿಗೆ ತರುವದು ಬೇರೆ ಎಂಬದನ್ನು ಮರೆಯಬಾರದು.

ಮೂರನೆಯ ಉಪಾಯವು ನೋಡಲು ಜಾಣತನದ್ದು, ಫಲದಲ್ಲಿ ಬಹಳ ಕೆಟ್ಟದ್ದು. ಪುಟದ ಎಡ ಅಂಚನ್ನು ಪರದೆಯ ಸರಿಯಾದ ಅರ್ಧಕ್ಕೆ ತಂದು, ಅಲ್ಲಿಂದ ಪುಟದ ಅರ್ಧ ಅಗಲದಷ್ಟು, ಎಂದರೆ 380 ಪಿಕ್ಸೆಲ್, ಹಿಂದಕ್ಕೆ ಎಳೆಯುವದೇ ಆ ಉಪಾಯ. ದೊಡ್ಡ ಪರದೆಯಲ್ಲಿ ಇದು ಸರಿಯಾಗಿಯೇ ಕಾಣುವದು. ಕಿಟಕಿಯ ಅಗಲವು 360 ಆಗಿದ್ದರೆ ಅರ್ಧವು 180; ಅದರಲ್ಲಿ 380 ಕಳೆದರೆ ಪುಟವು ಎಡ ಅಂಚಿನಿಂದ 200 ಪಿಕ್ಸೆಲ್ ಹೊರಗೆ ಬೀಳುವದು. ಬಲಕ್ಕೆ ಹೊರಬಿದ್ದದ್ದನ್ನು ಬೆರಳಿನಿಂದ ಸರಿಸಿ ನೋಡಬಹುದು. ಎಡಕ್ಕೆ ಹೊರಬಿದ್ದದ್ದನ್ನು ಸರಿಸಿ ನೋಡಲು ಬ್ರೌಸರು ಎಡೆಗೊಡುವದಿಲ್ಲ. ಅಂತೂ ಪ್ರತಿಯೊಂದು ಸಾಲಿನ ಮೊದಲಿನ ಮಾತುಗಳು ಓದುವವನಿಗೆ ಇಲ್ಲವೇ ಆಗುವವು.

ಸರಿಯಾದ ಮಾರ್ಗವು ಇವೆಲ್ಲಕ್ಕಿಂತ ಸುಲಭವಾಗಿದೆ. ಜಾಲಪುಟದ ರೂಪವನ್ನು ಗೊತ್ತುಮಾಡುವ ಸಿ.ಎಸ್‌.ಎಸ್‌. ಎಂಬ ನಿಯಮಾವಳಿಯ ಮೊದಲನೆಯ ಆವೃತ್ತಿಯು 1996ನೆಯ ದಶಂಬರದಲ್ಲಿ ಪ್ರಕಟವಾಯಿತು. ಅದರಲ್ಲಿ ಮಾರ್ಜಿನ್ನಿಗೆ, ಎಂದರೆ ನೋಟುಬುಕ್ಕಿನಲ್ಲಿ ಬಿಡುವಂಥ ಅಂಚಿಗೆ, ಅಂಕಿಗೆ ಬದಲಾಗಿ ‘ಆಟೋ’ ಎಂದು ಬರೆಯಬಹುದು. ಎಡಬಲದ ಎರಡೂ ಮಾರ್ಜಿನ್ನುಗಳಿಗೆ ‘ಆಟೋ’ ಎಂದು ಬರೆದರೆ ಬ್ರೌಸರು ಉಳಿದ ಸ್ಥಳವನ್ನು ತಾನೇ ಅಳೆದು ಎರಡು ಸಮಪಾಲು ಮಾಡುತ್ತದೆ. ಉಳಿದ ಸ್ಥಳವೇ ಇಲ್ಲವಾದರೆ ಎಡದ ಪಾಲನ್ನು ಸೊನ್ನೆಯೆಂದು ಎಣಿಸುತ್ತದೆ. ಆದಕಾರಣ ಸಾಲಿನ ಮೊದಲು ಎಂದಿಗೂ ಮಾಯವಾಗದು.

ಇದನ್ನು ಮಾಡುವ ಕ್ರಮವೇನಂದರೆ: ಪಬ್ಲಿಶರು ಉಳಿಸಿಕೊಟ್ಟ ಜಾಲಪುಟದ ಕಡತಕ್ಕೆ ಮೊದಲು ಒಂದು ನಕಲನ್ನು ತೆಗೆದಿಡಬೇಕು. ತರುವಾಯ ಆ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ಪುಟದ ಒಡಲು ಆರಂಭವಾಗುವ ‘ಬಾಡಿ’ ಎಂಬ ಗುರುತನ್ನು ಹುಡುಕಬೇಕು. ಅದು ಮುಗಿದ ಕೂಡಲೆ ‘ಡಿವ್’ ಎಂಬ ಒಂದು ಹೊರಪೆಟ್ಟಿಗೆಯನ್ನು ತೆರೆದು, ಒಡಲು ಮುಗಿಯುವ ಗುರುತಿಗಿಂತ ಮುಂಚೆ ಅದನ್ನು ಮುಚ್ಚಬೇಕು. ಹೀಗೆ ಎಲ್ಲ ಚಿಕ್ಕ ಪೆಟ್ಟಿಗೆಗಳೂ ಒಂದು ದೊಡ್ಡ ಪೆಟ್ಟಿಗೆಯೊಳಗೆ ಸೇರುವವು. ಈ ಹೊರಪೆಟ್ಟಿಗೆಗೆ ಮೂರು ಆಜ್ಞೆಗಳನ್ನು ಕೊಡತಕ್ಕದ್ದು. ‘ವಿಡ್ತ್’ ಎಂಬ ಅಗಲವು 760 ಪಿಕ್ಸೆಲ್, ಎಡಬಲದ ‘ಮಾರ್ಜಿನ್’ ಆಟೋ, ‘ಪೊಸಿಶನ್’ ರಿಲೇಟಿವ್. ಅಗಲವನ್ನು ಹೇಳದಿದ್ದರೆ ಹೊರಪೆಟ್ಟಿಗೆಯು ಪರದೆಯನ್ನೆಲ್ಲ ತುಂಬಿಕೊಳ್ಳುವದರಿಂದ ಪಾಲು ಮಾಡಲು ಏನೂ ಉಳಿಯುವದಿಲ್ಲ. ಮೂರನೆಯ ಆಜ್ಞೆಯನ್ನು ಬಿಡುವವರು ಬಹಳ. ಆದರೆ ಕೆಲಸದ ಜೀವಾಳವು ಅದರಲ್ಲಿಯೇ ಇದೆ. ಅದನ್ನು ಬರೆದಾಗ ಒಳಗಿನ ಪೆಟ್ಟಿಗೆಗಳು ಪರದೆಯ ಅಂಚನ್ನು ಬಿಟ್ಟು ಹೊರಪೆಟ್ಟಿಗೆಯ ಅಂಚಿನಿಂದ ತಮ್ಮ ಸ್ಥಾನವನ್ನು ಎಣಿಸುವವು. ತೊಟ್ಟಿಲನ್ನು ಸರಿಸಿದರೆ ಕೂಸೂ ಸರಿಯುವ ಹಾಗೆ, ಆಮೇಲೆ ಹೊರಪೆಟ್ಟಿಗೆಯು ನಡುವಿಗೆ ಬಂದರೆ ಎಲ್ಲವೂ ನಡುವಿಗೆ ಬರುವವು. ಒಂದು ಎಚ್ಚರಿಕೆಯುಂಟು. ಪುಟವನ್ನು ತಂತ್ರಾಂಶದಲ್ಲಿ ತಿದ್ದಿ ತಿರುಗಿ ಉಳಿಸಿದಾಗ ಹೊಸ ಕಡತವು ಹಳೆಯದನ್ನು ಅಳಿಸುವದರಿಂದ ಈ ಸೇರಿಕೆಯನ್ನು ಪ್ರತಿಸಲವೂ ಮಾಡಬೇಕಾಗುವದು.

ಇಷ್ಟರಿಂದ ಗಣಕಯಂತ್ರದ ಮುಂದೆ ಕುಳಿತವರ ತೊಂದರೆಯು ತೀರಿತು, ಮೊಬೈಲಿನವರದು ತೀರಲಿಲ್ಲ. ಇಂಥ ಹಳೆಯ ಪುಟವು ಬಂದಾಗ ಮೊಬೈಲಿನ ಬ್ರೌಸರು ತನ್ನ ಪರದೆಯು ಸುಮಾರು 980 ಪಿಕ್ಸೆಲ್ ಅಗಲವಿದೆಯೆಂದು ಭಾವಿಸಿ ಪುಟವನ್ನು ಜೋಡಿಸಿ, ಆಮೇಲೆ ಎಲ್ಲವನ್ನೂ ಕುಗ್ಗಿಸಿ ತೋರಿಸುವದು. 360 ಅಗಲಕ್ಕೆ ಕುಗ್ಗಿಸಿದಾಗ 16 ಪಿಕ್ಸೆಲ್ ಎತ್ತರದ ಅಕ್ಷರವು ಸುಮಾರು 6ಕ್ಕೆ ಇಳಿಯುವದು. ಪುಟವು ನಡುವೆಯೇನೋ ನಿಂತಿರುವದು, ಆದರೆ ಒತ್ತಕ್ಷರವಾವದು, ಕೊಂಬಾವದು ಎಂಬದು ಎಳೆಯ ಕಣ್ಣುಗಳಿಗೂ ತೋರದು. ಕುಗ್ಗಿಸಬಾರದೆಂದು ಬ್ರೌಸರಿಗೆ ಹೇಳಿದರೆ 760ರ ಪುಟದಲ್ಲಿ 400 ಪಿಕ್ಸೆಲ್, ಎಂದರೆ ಅರ್ಧಕ್ಕಿಂತ ಹೆಚ್ಚಿನ ಭಾಗವು, ಬಲಗಡೆಯಲ್ಲಿ ಹೊರಗೇ ಉಳಿಯುವದು. ಇದಕ್ಕೆ ನಡುವಿಗೆ ತರುವ ಯಾವ ಉಪಾಯವೂ ಮದ್ದಲ್ಲ. ಪೆಟ್ಟಿಗೆಗಳನ್ನು ಬಿಚ್ಚಿ, ಬರಹವನ್ನು ಒಂದರ ಕೆಳಗೊಂದಾಗಿ ಒಂದೇ ಅಂಕಣದಲ್ಲಿ ಹರಿಯಗೊಟ್ಟು, ಅಗಲವು 760ನ್ನು ಮೀರದಿರಲಿ, ಕಡಿಮೆಯಾಗಬೇಕಾದರೆ ಆಗಲಿ ಎಂಬ ‘ಮ್ಯಾಕ್ಸ್ ವಿಡ್ತ್’ ನಿಯಮವನ್ನು ಕೊಡುವದೇ ಮಾರ್ಗ. ಆಗ ಅದೇ ಪುಟವು ದೊಡ್ಡ ಪರದೆಯಲ್ಲಿ ನಡುವೆ ನಿಂತು, ಚಿಕ್ಕ ಪರದೆಯಲ್ಲಿ ಅದರ ಅಗಲಕ್ಕೆ ತಕ್ಕಂತೆ ಮಡಿಚಿಕೊಳ್ಳುವದು.

ಕನ್ನಡದ ಪುಟಗಳಿಗೆ ಇನ್ನೊಂದು ಜಾಗರೂಕತೆಯು ಬೇಕು. ಡಿ.ಟಿ.ಪಿ. ಕೆಲಸದಲ್ಲಿ ಬಹುಕಾಲ ಬಳಸಿದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂಡಿಸಿದವುಗಳಾಗಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಬರಹವು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುವದು. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಪಾಲು ದೊರೆತಿರುವದರಿಂದ, ಜಾಲಪುಟಕ್ಕೆ ಯೂನಿಕೋಡ್ ಬರಹವನ್ನೇ ಬಳಸತಕ್ಕದ್ದು. ಹಾಗೆ ಬಳಸಿದರೂ ವಿಂಡೋಸಿನ ‘ತುಂಗಾ’ ಫಾಂಟಿನಲ್ಲಿ ಒಂದು ಸಾಲು ಹಿಡಿಯುವ ಸ್ಥಳವೂ ಮೊಬೈಲಿನ ‘ನೋಟೋ’ ಫಾಂಟಿನಲ್ಲಿ ಅದೇ ಸಾಲು ಹಿಡಿಯುವ ಸ್ಥಳವೂ ಒಂದೇ ಆಗಿರುವದಿಲ್ಲ. ಎತ್ತರವನ್ನು ಕಟ್ಟುನಿಟ್ಟಾಗಿ ಗೊತ್ತುಮಾಡಿದ ಪೆಟ್ಟಿಗೆಯಲ್ಲಿ ಹೆಚ್ಚಾದ ಸಾಲು ಕೆಳಗಿನ ಪೆಟ್ಟಿಗೆಯ ಮೇಲೆ ಏರಿ ಎರಡನ್ನೂ ಕೆಡಿಸುವದು. ಆದದರಿಂದ ಕನ್ನಡ ಬರಹದ ಪೆಟ್ಟಿಗೆಗೆ ಎತ್ತರವನ್ನು ಗೊತ್ತುಮಾಡದೆ, ಅದು ಬೇಕಾದಷ್ಟು ಬೆಳೆಯುವಂತೆ ಬಿಡುವದು ಲೇಸು.

ಪಬ್ಲಿಶರಿನ 2010ರ ಆವೃತ್ತಿಯಿಂದ ಹೊಸ ಜಾಲಪುಟಗಳನ್ನು ಕಟ್ಟುವ ಸೌಕರ್ಯವನ್ನು ಕಂಪನಿಯವರು ತೆಗೆದರು; 2026ನೆಯ ಅಕ್ಟೋಬರಿಗೆ ಆ ತಂತ್ರಾಂಶದ ಬೆಂಬಲವನ್ನೇ ಮುಗಿಸುವದಾಗಿಯೂ ಪ್ರಕಟಿಸಿದ್ದಾರೆ. ಹಳೆಯ ಪುಟಗಳು ಯಾರಲ್ಲಿವೆಯೋ ಅವರು ಅವುಗಳೊಳಗಿನ ಬರಹವನ್ನೂ ಚಿತ್ರಗಳನ್ನೂ ಬೇರೆಯಾಗಿ ತೆಗೆದು ಕಾಪಾಡಿಡುವದು ಒಳ್ಳೆಯದು. ಶಾಲೆಯ ಹಳೆಯ ವರದಿಗಳೂ ಭಾವಚಿತ್ರಗಳೂ ಒಮ್ಮೆ ಕಳೆದುಹೋದರೆ ತಿರುಗಿ ಸಿಕ್ಕುವವೆಂಬ ನಂಬಿಗೆಯಿಲ್ಲ.

ಕಡೆಯಲ್ಲಿ ನಾವು ಹೇಳತಕ್ಕದ್ದು ಇಷ್ಟೇ. ನಮ್ಮ ಹಳೇ ವಿದ್ಯಾರ್ಥಿನಿಯರಲ್ಲಿ ಯಾರಾದರೂ ಸಂಘಕ್ಕಾಗಲಿ ಊರಿನ ಶಾಲೆಗಾಗಲಿ ಪುಟವನ್ನು ಮಾಡಿದರೆ, ಅದನ್ನು ಪ್ರಕಟಿಸುವ ಮೊದಲು ದೊಡ್ಡ ಪರದೆಯಲ್ಲೊಮ್ಮೆ, ಕಿಟಕಿಯನ್ನು ಕಿರಿದು ಮಾಡಿ ಒಮ್ಮೆ, ಕಡಿಮೆ ಬೆಲೆಯ ಒಂದು ಮೊಬೈಲಿನಲ್ಲೊಮ್ಮೆ ನೋಡಲಿ. ಮೂರನೆಯ ಪರೀಕ್ಷೆಯನ್ನು ತಾವೇ ಮಾಡದೆ, ಮನೆಯಲ್ಲಿರುವ ಹಿರಿಯರೊಬ್ಬರ ಕೈಗೆ ಕೊಟ್ಟು, “ಕಡೆಯ ದಿನ ಯಾವದು, ಓದಿ ಹೇಳ್ರಿ” ಎಂದು ಕೇಳಲಿ. ಅವರು ಕನ್ನಡಕವನ್ನು ಏರಿಸದೆ, ಪರದೆಯನ್ನು ಅತ್ತಿತ್ತ ಸರಿಸದೆ ಓದಿ ಹೇಳಿದರೆ ಪುಟವು ಇರಬೇಕಾದ ಸ್ಥಳದಲ್ಲಿಯೇ ಇದೆಯೆಂದು ತಿಳಿಯಬಹುದು.