ಹೆಸರಿಗಿಂತ ಮೊದಲೇ ಇದ್ದ ಮೂಳೆ

‘ಡೈನೊಸಾರ್ ಎಂಬ ಪ್ರಾಣಿ ಇರಲೇ ಇಲ್ಲ, ಅದು ಇಂಗ್ಲೆಂಡಿನ ಕೆಲವರು ಕಟ್ಟಿದ ಕತೆ’ ಎನ್ನುವವರು ತಮ್ಮ ವಾದಕ್ಕೆ ಆಧಾರವಾಗಿ ಸಾಮಾನ್ಯವಾಗಿ ಒಂದು ಇಸವಿಯನ್ನು ಮುಂದಿಡುತ್ತಾರೆ: 1842. ರಿಚರ್ಡ್ ಓವೆನ್ ಎಂಬ ಅಂಗರಚನಾ ತಜ್ಞ ‘ಡೈನೊಸೋರಿಯಾ’ ಎಂಬ ಹೆಸರನ್ನು ಪ್ರಕಟಿಸಿದ್ದು ಆ ವರ್ಷ. ಇಷ್ಟು ದೊಡ್ಡ ಪ್ರಾಣಿಗಳು ಭೂಮಿಯ ತುಂಬ ಓಡಾಡಿದ್ದರೆ ಅದಕ್ಕೂ ಮೊದಲು ಸಾವಿರಾರು ವರ್ಷ ನೆಲ ಉತ್ತವರು, ಬಾವಿ ತೋಡಿದವರು ಒಂದು ಮೂಳೆಯನ್ನೂ ಕಾಣಲಿಲ್ಲವೇ ಎಂಬುದು ಅವರ ಪ್ರಶ್ನೆ. ಇದನ್ನು ನಕ್ಕು ತಳ್ಳಿಹಾಕಬೇಕಾಗಿಲ್ಲ, ಉತ್ತರಕ್ಕೆ ತಕ್ಕ ಪ್ರಶ್ನೆಯೇ. ಓವೆನ್ ಹೆಸರಿಟ್ಟದ್ದು ಆಗಲೇ ಸಿಕ್ಕಿದ್ದ ಮೂಳೆಗಳಿಗೆ. ವಿಲಿಯಂ ಬಕ್ಲೆಂಡ್ ಮೆಗಲೊಸಾರಸ್ಸನ್ನು ವಿವರಿಸಿದ್ದು 1824ರಲ್ಲಿ, ಗಿಡಿಯನ್ ಮಾಂಟೆಲ್ ಇಗ್ವಾನೊಡಾನ್ ವಿಷಯ ಪ್ರಕಟಿಸಿದ್ದು 1825ರಲ್ಲಿ. ಇನ್ನೂ ಹಿಂದೆ, 1677ರಲ್ಲೇ, ರಾಬರ್ಟ್ ಪ್ಲಾಟ್ ಆಕ್ಸ್‌ಫರ್ಡ್ ಸೀಮೆಯ ಕುರಿತ ತನ್ನ ಪುಸ್ತಕದಲ್ಲಿ ಭಾರಿ ತೊಡೆಮೂಳೆಯೊಂದರ ತುದಿಯ ಚಿತ್ರ ಅಚ್ಚು ಹಾಕಿಸಿ, ಇದು ಯಾರೋ ದೈತ್ಯ ಮನುಷ್ಯನದಿರಬೇಕು ಎಂದು ಬರೆದಿದ್ದ. ಮೂಳೆ ಕಣ್ಣಿಗೆ ಬಿದ್ದಿತ್ತು. ಅದನ್ನು ಏನೆಂದು ಕರೆಯಬೇಕು ಎಂಬುದಷ್ಟೇ ತಿಳಿದಿರಲಿಲ್ಲ.

ನಮ್ಮ ಮನೆಗಳಲ್ಲೇ ಇದಕ್ಕೆ ಹತ್ತಿರದ ಸಾಕ್ಷಿಯಿದೆ. ದೇವರ ಪೀಠದಲ್ಲಿ ಪೂಜೆಗೊಳ್ಳುವ ಚಕ್ರವುಳ್ಳ ಸಾಲಿಗ್ರಾಮ, ಗಂಡಕಿ ನದಿ ಹಿಮಾಲಯದಿಂದ ಉರುಳಿಸಿ ತರುವ ಅಮೊನೈಟ್ ಎಂಬ ಕಡಲಜೀವಿಯ ಪಳೆಯುಳಿಕೆ. ಡೈನೊಸಾರ್‌ಗಳ ಕಾಲದ ಸಮುದ್ರದಲ್ಲಿ ಬದುಕಿದ್ದು. ಭೂವಿಜ್ಞಾನ ಎಂಬ ಶಾಸ್ತ್ರ ಹುಟ್ಟುವ ಎಷ್ಟೋ ಶತಮಾನಗಳ ಮೊದಲೇ ನಮ್ಮವರು ಅದನ್ನು ಹುಡುಕಿ, ಗುರುತಿಸಿ, ಬಗೆಬಗೆಯಾಗಿ ವಿಂಗಡಿಸಿದ್ದರು. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ರೈತರು ಹೊಲದ ಕಾವಲು ದೈವವೆಂದು ಪೂಜಿಸುತ್ತಿದ್ದ ದುಂಡು ಕಲ್ಲುಗಳು ಡೈನೊಸಾರ್ ಮೊಟ್ಟೆಗಳೆಂದು ತಜ್ಞರು ಹೇಳಿದ ಸುದ್ದಿ 2023ರಲ್ಲಿ ಬಂತು. ಅದೇ ವರ್ಷ ಪ್ರಕಟವಾದ ಅಧ್ಯಯನವೊಂದು ಆ ಭಾಗದ ನರ್ಮದಾ ಕಣಿವೆಯಲ್ಲಿ 92 ಗೂಡುಗಳನ್ನೂ 256 ಮೊಟ್ಟೆಗಳನ್ನೂ ಲೆಕ್ಕಕ್ಕೆ ತಂದಿತ್ತು. ಹಿಂದಿನವರಿಗೆ ಪಳೆಯುಳಿಕೆ ಸಿಗಲಿಲ್ಲ ಎನ್ನುವ ಮಾತು ಹಾಗಾಗಿ ನಿಲ್ಲುವುದಿಲ್ಲ. ಸಿಕ್ಕಿದ್ದಕ್ಕೆ ಅವರು ತಮ್ಮ ಲೋಕದಲ್ಲಿ ಜಾಗ ಕೊಟ್ಟರು.

ಹಾಗಿದ್ದರೆ ಸಂಶಯ ಹುಟ್ಟಿದ್ದೆಲ್ಲಿ? ಅದರ ಬೇರು ನೆಲದಲ್ಲಿಲ್ಲ, ಪ್ರದರ್ಶನದ ಸಭಾಂಗಣದಲ್ಲಿದೆ ಎಂಬುದು ನನ್ನ ವಾದ. ಅಮೆರಿಕದ ವಯೋಮಿಂಗ್‌ನಲ್ಲಿ 1899ರಲ್ಲಿ ಡಿಪ್ಲೊಡೋಕಸ್ ಅಸ್ಥಿಪಂಜರ ಸಿಕ್ಕಾಗ ಅದರ ಶೋಧಕ್ಕೆ ಹಣ ಹೂಡಿದ್ದವರು ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿ. ಅದರ ಚಿತ್ರ ನೋಡಿ ಬ್ರಿಟನ್ನಿನ ದೊರೆ ಏಳನೆಯ ಎಡ್ವರ್ಡ್ ಆಸೆಪಟ್ಟದ್ದರಿಂದ ಕಾರ್ನೆಗಿ ಮೂಳೆಗಳ ಪ್ಲಾಸ್ಟರ್ ಅಚ್ಚು ತೆಗೆಸಿ 292 ತುಂಡುಗಳಲ್ಲಿ ಲಂಡನ್ನಿಗೆ ಕಳಿಸಿದರು. 1905ರಲ್ಲಿ ಅದು ಅಲ್ಲಿ ನಿಂತಿತು. ಬರ್ಲಿನ್, ಪ್ಯಾರಿಸ್‌ಗಳಿಗೂ ಅಂಥವೇ ಅಚ್ಚುಗಳು ಹೋದವು. ಅಸಲಿ ಮೂಳೆಗಳು ಪಿಟ್ಸ್‌ಬರ್ಗ್‌ನಲ್ಲಿ ಉಳಿದವು. ಕಲ್ಲಾದ ಮೂಳೆ ಬಹಳ ಭಾರ, ಬಿರುಕು ಬಿಡುತ್ತದೆ, ಸಂಶೋಧಕರ ಕೈಗೆ ಮತ್ತೆಮತ್ತೆ ಸಿಗಬೇಕಾಗುತ್ತದೆ. ಅಚ್ಚು ಮಾಡಿಸಲು ಈ ಕಾರಣಗಳು ಸಾಕು. ಆದರೆ ಟಿಕೆಟ್ ಕೊಂಡು ಒಳಬಂದವನಿಗೆ ಯಾವುದು ಕಲ್ಲು, ಯಾವುದು ಪ್ಲಾಸ್ಟರ್, ಯಾವ ಪಕ್ಕೆಲುಬು ಇನ್ನೊಂದು ಪ್ರಾಣಿಯಿಂದ ತಂದದ್ದು ಎಂದು ಬಿಡಿಸಿ ಹೇಳುವ ಶ್ರದ್ಧೆ ಎಲ್ಲ ಕಡೆ ಕಾಣಲಿಲ್ಲ. 1993ರ ‘ಜುರಾಸಿಕ್ ಪಾರ್ಕ್’ ಆ ಎಲುಬುಗಳಿಗೆ ಚರ್ಮ, ಬಣ್ಣ, ಗರ್ಜನೆ ಎಲ್ಲವನ್ನೂ ತೊಡಿಸಿತು. ಮುಂದೊಂದು ದಿನ ‘ನೀವು ನೋಡಿದ್ದು ಪ್ಲಾಸ್ಟರ್’ ಎಂಬ ಅರ್ಧ ಸತ್ಯ ಕಿವಿಗೆ ಬಿದ್ದಾಗ ಮೋಸಹೋದೆ ಅನ್ನಿಸುವುದು ಸಹಜ. ಅಚ್ಚು ತೆಗೆಯಲು ಮೊದಲೊಂದು ಮೂಳೆ ಇರಬೇಕು ಎಂಬ ಉಳಿದರ್ಧ ಅಷ್ಟು ಬೇಗ ಹರಡುವುದಿಲ್ಲ.

ವಿಜ್ಞಾನಿಗಳ ತಪ್ಪುಗಳೂ ನಿರಾಕರಿಸುವವರ ಕೈಗೆ ಆಯುಧವಾಗಿವೆ. ಮಾಂಟೆಲ್‌ಗೆ ಸಿಕ್ಕಿದ್ದ ಒಂದು ಚೂಪು ಮೂಳೆಯನ್ನು ಅವರು ಇಗ್ವಾನೊಡಾನ್‌ನ ಮೂಗಿನ ಮೇಲಿನ ಕೊಂಬೆಂದು ಬಗೆದರು. 1854ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಉದ್ಯಾನದಲ್ಲಿ ನಿಲ್ಲಿಸಿದ ಪ್ರತಿಮೆಗಳಲ್ಲೂ ಆ ಕೊಂಬು ಮೂಗಿನ ಮೇಲೇ ಕೂತಿತು, ಇಂದಿಗೂ ಹಾಗೇ ಇದೆ. ಇಷ್ಟು ದೊಡ್ಡ ಎಡವಟ್ಟು ಮಾಡಿದವರನ್ನು ನಂಬುವುದು ಹೇಗೆ ಎಂದು ಕೇಳುತ್ತಾರೆ. ಆದರೆ ಅದನ್ನು ತಿದ್ದಿದ್ದು ಯಾರೆಂದು ನೋಡಬೇಕು. 1878ರಲ್ಲಿ ಬೆಲ್ಜಿಯಂನ ಬೆರ್ನಿಸಾರ್ ಊರಿನ ಕಲ್ಲಿದ್ದಲ ಗಣಿಯಲ್ಲಿ, 322 ಮೀಟರ್ ಆಳದಲ್ಲಿ, ಗಣಿ ಕಾರ್ಮಿಕರಿಗೆ ಇಗ್ವಾನೊಡಾನ್‌ಗಳ ದೊಡ್ಡ ರಾಶಿಯೇ ಎದುರಾಯಿತು. ಮೂವತ್ತಕ್ಕೂ ಹೆಚ್ಚು ಪ್ರಾಣಿಗಳು, ಹಲವು ಕೀಲು ತಪ್ಪದೆ ಮಲಗಿದ್ದವು. ಲೂಯಿ ಡೊಲೊ ಅವುಗಳನ್ನು ಅಭ್ಯಾಸ ಮಾಡಿದಾಗ ಆ ಚೂಪು ಮೂಳೆ ಮೂಗಿನದಲ್ಲ, ಮುಂಗೈ ಹೆಬ್ಬೆರಳಿನದು ಎಂದು ಗೊತ್ತಾಯಿತು. ಕಟ್ಟುಕತೆಯಾಗಿದ್ದರೆ ಕತೆಗಾರನನ್ನು ಅವನ ಪಾತ್ರವೇ ಸುಳ್ಳಾಗಿಸುತ್ತಿರಲಿಲ್ಲ. ಇಲ್ಲಿ ಸುಳ್ಳಾಗಿಸಿದ್ದು ಕಲ್ಲು. ವಂಚನೆ ನಡೆದಾಗಲೂ ಹೀಗೆಯೇ. 1999ರಲ್ಲಿ ‘ನ್ಯಾಷನಲ್ ಜಿಯಾಗ್ರಫಿಕ್’ ಮೆರೆಸಿದ ‘ಆರ್ಕಿಯೊರ‍್ಯಾಪ್ಟರ್’ ಒಂದಕ್ಕಿಂತ ಹೆಚ್ಚು ಪ್ರಾಣಿಗಳ ತುಂಡು ಅಂಟಿಸಿದ ನಕಲಿ. ಅದರ ಬಾಲಕ್ಕೆ ಹೊಂದುವ ಇನ್ನೊಂದು ಮಗ್ಗುಲ ಕಲ್ಲನ್ನು ಚೀನಾದಲ್ಲಿ ಕಂಡು ಮೋಸವನ್ನು ಬಯಲಿಗೆಳೆದವರು ಡೈನೊಸಾರ್ ತಜ್ಞ ಶು ಶಿಂಗ್. ಹೊರಗಿನ ಯಾವ ಸಂಶಯವಾದಿಯೂ ಅಲ್ಲ.

ಎಲ್ಲರೂ ಸೇರಿ ಮೂಳೆಗಳನ್ನು ನೆಲದಲ್ಲಿ ಹುದುಗಿಟ್ಟಿದ್ದಾರೆ, ಎಣ್ಣೆ ಕಂಪನಿಗಳ ಲಾಭಕ್ಕಾಗಿ ಈ ನಾಟಕ ಎಂಬ ಕೊನೆಯ ಆಕ್ಷೇಪ ಉಳಿಯುತ್ತದೆ. ಪೆಟ್ರೋಲಿಯಂ ಬಹುಪಾಲು ಕಡಲಿನ ಸೂಕ್ಷ್ಮಜೀವಿಗಳಿಂದ, ಪಾಚಿಯಿಂದ ಆದದ್ದು, ಡೈನೊಸಾರ್‌ನಿಂದಲ್ಲ. ಆ ಮಾತನ್ನು ಅಲ್ಲಿಗೇ ಬಿಡಬಹುದು. ಹುದುಗಿಟ್ಟ ವಿಷಯಕ್ಕೆ ಮಾತ್ರ ಕರ್ನಾಟಕದ ನೆಲವೇ ಉತ್ತರ ಹೇಳುತ್ತದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ. ಕಲಬುರಗಿ ಸೀಮೆಯ ಶಹಾಬಾದ್ ಕಲ್ಲು ಎಲುಬಿನ ಪ್ರಾಣಿಗಳು ಹುಟ್ಟುವ ಮುನ್ನವೇ ಕಡಲ ತಳದಲ್ಲಿ ಕೂಡಿದ್ದು. ಮನೆಯ ನೆಲಕ್ಕೆ ಹಾಸುವುದಕ್ಕೂ ಸಿಮೆಂಟಿಗೂ ತಲೆಮಾರುಗಳಿಂದ ಆ ಸುಣ್ಣಕಲ್ಲನ್ನು ಎಬ್ಬಿಸಿದ್ದಾರೆ, ಒಂದು ಡೈನೊಸಾರ್ ಹಲ್ಲೂ ಸಿಕ್ಕಿಲ್ಲ. ಗುಜರಾತಿನ ಬಾಲಾಸಿನೋರ್ ಬಳಿ ಹಾಗೆಯೇ ಸಿಮೆಂಟಿಗಾಗಿ ಸುಣ್ಣಕಲ್ಲು ಅಗೆಯುವಾಗ, 1981ರಲ್ಲಿ, ಮೊಟ್ಟೆಗಳು ಹೊರಬಂದವು. ಹತ್ತಿರದ ರಹಿಯೋಲಿಯಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಆಯ್ದ ಮೂಳೆಗಳಿಗೆ 2003ರಲ್ಲಿ ‘ರಾಜಾಸಾರಸ್ ನರ್ಮದೆನ್ಸಿಸ್’ ಎಂಬ ಹೆಸರು ಬಂತು. ಎರಡೂ ಸುಣ್ಣಕಲ್ಲೇ, ಅಗೆದದ್ದೂ ಒಂದೇ ಕೆಲಸಕ್ಕೆ. ಬೇರೆ ಇದ್ದದ್ದು ಕಲ್ಲಿನ ವಯಸ್ಸು. ಹುದುಗಿಡುವ ಕೈಗಳಿದ್ದಿದ್ದರೆ ಶಹಾಬಾದ್‌ನಲ್ಲೂ ಒಂದು ಎಲುಬು ಇಡಬಹುದಿತ್ತು. ಲೋಕದ ಎಲ್ಲ ಖಂಡಗಳಲ್ಲೂ ಈ ಮೂಳೆಗಳು ತಮ್ಮ ವಯಸ್ಸಿನ ಪದರವನ್ನು ಬಿಟ್ಟು ಕದಲುವುದಿಲ್ಲ. ಆ ವಯಸ್ಸನ್ನು ಅಳೆಯುವುದು, ಅನೇಕರು ಭಾವಿಸಿದಂತೆ, ಇಂಗಾಲದ ಪರೀಕ್ಷೆಯಿಂದಲ್ಲ. ಅದರ ಅಳತೆ ಸುಮಾರು 50 ಸಾವಿರ ವರ್ಷಕ್ಕೆ ಮುಗಿಯುತ್ತದೆ. ಪದರದ ಮೇಲಕ್ಕೂ ಕೆಳಕ್ಕೂ ಇರುವ ಜ್ವಾಲಾಮುಖಿ ಶಿಲೆಯಲ್ಲಿನ ಯುರೇನಿಯಂ, ಪೊಟ್ಯಾಸಿಯಂ ಕ್ಷಯದಿಂದ ಲೆಕ್ಕ ಹಾಕುತ್ತಾರೆ. ನರ್ಮದೆಯ ಬದಿಯ ಡೈನೊಸಾರ್ ಪದರಗಳ ಮೇಲೆ ಹರಡಿರುವ ದಖನ್ ಲಾವಾಕ್ಕೆ ಸುಮಾರು 6.6 ಕೋಟಿ ವರ್ಷ. ಬೀದರ್, ವಿಜಯಪುರದ ಕಪ್ಪು ನೆಲ ಅದೇ ಲಾವಾ ಸವೆದು ಆದದ್ದು.

ಇಂಗ್ಲೆಂಡಿನಲ್ಲಿ ಓವೆನ್ ಹೆಸರಿಡುವುದಕ್ಕೆ ಹದಿನಾಲ್ಕು ವರ್ಷ ಮೊದಲು, 1828ರಲ್ಲಿ, ಜಬಲ್‌ಪುರದ ಬಡಾ ಸಿಮ್ಲಾ ಗುಡ್ಡದಲ್ಲಿ ವಿಲಿಯಂ ಸ್ಲೀಮನ್‌ಗೆ ಬಾಲದ ಕಶೇರುಮಣಿಗಳು ಸಿಕ್ಕಿದ್ದವು. ಥಗ್ಗರನ್ನು ಅಡಗಿಸಿದ ಅಧಿಕಾರಿಯೆಂದು ಹೆಸರಾದವನು ಆತ. ಕೈಯಲ್ಲಿದ್ದದ್ದು ಏನೆಂದು ಅವನಿಗೆ ತಿಳಿಯುವಂತಿರಲಿಲ್ಲ. 1877ರಲ್ಲಿ ರಿಚರ್ಡ್ ಲಿಡೆಕ್ಕರ್ ಅವುಗಳನ್ನು ‘ಟೈಟನೊಸಾರಸ್ ಇಂಡಿಕಸ್’ ಎಂದು ಕರೆದು ಚಿತ್ರ ಸಹಿತ ವಿವರಿಸಿದರು. ಆಮೇಲೆ ಮೂಳೆಗಳು ಕಣ್ಮರೆಯಾದವು, ಕಾಗದದ ಮೇಲಿನ ಚಿತ್ರವಷ್ಟೇ ಉಳಿಯಿತು. 2012ರಲ್ಲಿ ಸರ್ವೇಕ್ಷಣೆಯ ಕೋಲ್ಕತ್ತಾ ಸಂಗ್ರಹದಲ್ಲಿ ಅವುಗಳಲ್ಲೊಂದು ಮತ್ತೆ ಕೈಗೆ ಸಿಕ್ಕಾಗ, ಅದನ್ನು ಗುರುತಿಸಲು ನೆರವಾದದ್ದು ಲಿಡೆಕ್ಕರ್‌ನ ಆ ಹಳೆಯ ಚಿತ್ರ.