ಡ್ಯಾಫೋಡಿಲ್ ನೋಡಿದ್ದು ಒಬ್ಬನೇ ಅಲ್ಲ

ಹೈಸ್ಕೂಲಿನಲ್ಲಿ ವರ್ಡ್ಸ್‌ವರ್ತ್‌ನ ಡ್ಯಾಫೋಡಿಲ್ ಪದ್ಯವನ್ನು ಉರು ಹೊಡೆದವರಲ್ಲಿ ನಾನೂ ಒಬ್ಬಳು. ಆ ಹೂವನ್ನು ಕಂಡವರು ಕ್ಲಾಸಿನಲ್ಲಿ ಯಾರೂ ಇರಲಿಲ್ಲ. ಹಳದಿ ಸೇವಂತಿಗೆ ಅಂದ್ಕೊಳ್ಳಿ ಅಂದರು ಮೇಷ್ಟ್ರು, ಅಂದ್ಕೊಂಡೆವು. ನನ್ನೊಳಗೆ ಉಳಿದದ್ದು ಹೂವಲ್ಲ, ಕವಿ ಅಂದ್ರೆ ಹೀಗಿರ್ತಾನೆ ಅನ್ನುವ ಚಿತ್ರ: ಒಬ್ಬಂಟಿಯಾಗಿ ಬೆಟ್ಟ ಕಣಿವೆ ಸುತ್ತುವವನು, ಪ್ರಕೃತಿಯೊಂದೇ ಜೊತೆ.

ಈಚೆಗೆ ಅವನ ತಂಗಿ ಡೊರೊಥಿಯ ದಿನಚರಿ ಓದಿದೆ. ಚಿತ್ರ ಅಲ್ಲಾಡಿತು.

1802ರ ಏಪ್ರಿಲ್ 15. ಇಂಗ್ಲೆಂಡಿನ ಉತ್ತರದಲ್ಲಿ, ಅಲ್ಸ್‌ವಾಟರ್ ಸರೋವರದ ದಂಡೆಯಲ್ಲಿ ಅಣ್ಣ ತಂಗಿ ಇಬ್ಬರೂ ನಡೆದು ಬರ್ತಿದ್ದಾರೆ. ವಾಪಸ್ ಹೋಗಿಬಿಡೋಣವೇ ಅನ್ನಿಸುವಂಥ ಗಾಳಿ. ನೀರಂಚಿಗೆ ಮೊದಲು ನಾಲ್ಕಾರು ಹೂ, ಮುಂದೆ ಹೋದಷ್ಟೂ ಹೂವೇ ಹೂ. ಕೆಲವು ದಣಿದು ಕಲ್ಲಿಗೆ ತಲೆಯಾನಿಸಿದ್ದವಂತೆ, ಉಳಿದವು ಗಾಳಿಯ ಜೊತೆ ಕುಣಿದು ನಗುತ್ತಿದ್ದವಂತೆ. ಇದು ಡೊರೊಥಿ ಕಂಡದ್ದು.

ಅಣ್ಣನ ಪದ್ಯ ಅಚ್ಚಾದದ್ದು 1807ರಲ್ಲಿ. ಅದರಲ್ಲಿ ಕುಣಿತ ಇದೆ, ಸಂಭ್ರಮ ಇದೆ. ದಣಿದ ಹೂಗಳಿಲ್ಲ. ಬಿರುಗಾಳಿ ತಂಗಾಳಿಯಾಗಿದೆ. ತಂಗಿಯಂತೂ ಇಲ್ಲವೇ ಇಲ್ಲ, ಅವನು ಒಬ್ಬನೇ.

ಸುಳ್ಳು ಬರೆದ ಅನ್ನೋಣವೇ? ನಾನು ಅಷ್ಟು ದೂರ ಹೋಗಲಾರೆ. ರೊಮ್ಯಾಂಟಿಕ್ ಭಾವಗೀತೆಯ ಉಸಿರೇ ‘ನಾನು’. ಒಂಟಿ ಮನಸ್ಸೊಂದು ಪ್ರಕೃತಿಯ ಎದುರು ನಿಲ್ಲಬೇಕು, ನಡುವೆ ಯಾರೂ ಇರಬಾರದು. ಮೇಲಾಗಿ ‘ಲಿರಿಕಲ್ ಬ್ಯಾಲಡ್ಸ್’ ಸಂಕಲನದ 1800ರ ಮುನ್ನುಡಿಯಲ್ಲಿ ಅವನೇ ವಾದಿಸಿದ್ದ: ಭಾವ ತಾನಾಗಿ ಉಕ್ಕಬೇಕು ನಿಜ, ಆದರೆ ಕವಿತೆ ಹುಟ್ಟುವುದು ಆಮೇಲೆ ಶಾಂತವಾಗಿ ಕೂತು ಅದನ್ನು ನೆನೆದಾಗ. ಹಾಗೆ ನೆನೆಯುವಾಗ ಕೆಲವರು ಚೌಕಟ್ಟಿನಾಚೆ ಉಳಿದುಬಿಡ್ತಾರೆ. ನಮ್ಮ ಟ್ರಿಪ್ ಫೋಟೋಗಳಲ್ಲಿ ಫೋಟೋ ತೆಗೆದವರು ಎಲ್ಲಿರ್ತಾರೆ ಹೇಳಿ?

ಇನ್ನೂ ತಮಾಷೆಯ ಸಂಗತಿ ಇದೆ. ಪದ್ಯದ ಕೊನೆಗೆ ಏಕಾಂತದ ಸುಖ ಹೇಳುವ ಎರಡು ಸಾಲು ಬರುತ್ತವಲ್ಲ, ಅವು ಹೆಂಡತಿ ಮೇರಿ ಕೊಟ್ಟವು. ಇಡೀ ಪದ್ಯದಲ್ಲಿ ಅವೇ ಚೆಂದದ ಸಾಲುಗಳು ಅಂತ ಅವನೇ ಒಪ್ಪಿಕೊಂಡಿದ್ದ. ಏಕಾಂತ ಹೊಗಳೋದಕ್ಕೂ ಮನೆಯಲ್ಲಿ ಇನ್ನೊಬ್ಬರು ಬೇಕಾಯ್ತು!

ಡೊರೊಥಿ ತೀರಿಕೊಂಡದ್ದು 1855ರಲ್ಲಿ. ಅವಳಿರುವಾಗ ಆ ದಿನಚರಿ ಪುಸ್ತಕವಾಗಿ ಬರಲೇ ಇಲ್ಲ.

ಪದ್ಯ ನನಗೆ ಈಗಲೂ ಬಾಯಿಪಾಠ, ಅದರ ಮೇಲಿನ ಪ್ರೀತಿಯೂ ಕಡಿಮೆಯಾಗಿಲ್ಲ. ಆದರೆ ಎರಡರಲ್ಲಿ ಒಂದನ್ನು ಆರಿಸಿಕೋ ಅಂದರೆ, ಕಲ್ಲಿಗೆ ತಲೆಯಿಟ್ಟು ಮಲಗಿದ ಹೂಗಳನ್ನೇ ಆರಿಸಿಕೊಳ್ತೀನಿ. ಗಾಳಿಯಲ್ಲಿ ನಡೆದು ನಡೆದು ತಾನೂ ಸೋತವಳ ಕಣ್ಣಿಗೇ ಅವು ಹಾಗೆ ಕಂಡಿರಬೇಕು.